ಡೋರ್ನಹಳ್ಳಿಯ ಸಂತ ಹೊರಟಿದ್ದು ಆಫ್ರಿಕಾಕ್ಕೆ

ಜೂನ್ ತಿಂಗಳು ಬಂತೆಂದರೆ ನಮ್ಮ ಕಡೆ ಎರಡೇ ಮಾತು. ಒಂದು ಮಳೆಯದು, ಇನ್ನೊಂದು ಮಕ್ಕಳ ಸೀಟಿನದು. ಕೆ.ಆರ್. ನಗರದ ಗದ್ದೆ ಬಯಲಿನವರು ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ವಿಚಾರಿಸುತ್ತಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣದವರಿಗೆ ಹೊಗೆಸೊಪ್ಪಿನ ಸಸಿಯ ಚಿಂತೆ. ಹೆಗ್ಗಡದೇವನಕೋಟೆಯವರು ಕಬಿನಿಗೆ ಎಷ್ಟು ನೀರು ಬಂತೆಂದು ಕೇಳುತ್ತಿರುತ್ತಾರೆ. ಈ ನಾಲ್ಕು ತಾಲ್ಲೂಕಿನ ಯಾವ ಬಸ್ಸನ್ನು ಹತ್ತಿದರೂ ಸರಿ, ಪ್ಲಾಸ್ಟಿಕ್ ಕವರಿನೊಳಗೆ ಅಂಕಪಟ್ಟಿ ಇಟ್ಟುಕೊಂಡು ಕೂತ ಒಬ್ಬ ತಂದೆಯೋ ತಾಯಿಯೋ ಇದ್ದೇ ಇರುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಜೂನ್ 13ರಂದು ನಾನು ಡೋರ್ನಹಳ್ಳಿಗೆ ಹೋಗಿದ್ದೆ. ಕೆ.ಆರ್. ನಗರ ತಾಲ್ಲೂಕಿನ ಈ ಊರಿನ ಸಂತ ಅಂತೋಣಿಯವರ ದೇವಾಲಯವನ್ನು ಕೇಳದವರು ನಮ್ಮ ಸೀಮೆಯಲ್ಲಿ ಕಡಿಮೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವವೂ ಸಿಕ್ಕಿತು. ಜೂನ್ 13 ಅಲ್ಲಿಯ ವಾರ್ಷಿಕ ಹಬ್ಬ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿ ಮತದವರೂ ಬರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ. ನಮ್ಮ ಊರುಗಳಲ್ಲಿ ಇದೇನೂ ಹೊಸದಲ್ಲ.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತಾ ಮರದ ನೆರಳಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಜೊತೆಗೆ ಹತ್ತೊಂಬತ್ತರ ಹರೆಯದ ಮಗ. ಪಿರಿಯಾಪಟ್ಟಣದ ಕಡೆಯವರು. ಬೆಳಗಿನ ಬಸ್ಸಿಗೆ ಹೊರಟು, ಹುಣಸೂರಿನಲ್ಲಿ ಇಳಿದು, ಕೆ.ಆರ್. ನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ಹಬ್ಬಕ್ಕೆ ಬಂದಿರಾ ಎಂದು ಕೇಳಿದೆ.

'ಬತ್ತಿ ಹಚ್ಚೋಕ್ ಬಂದ್ವಿ ಸಾ. ಈ ಅಂತೋಣಪ್ಪ ಕಳ್ದೋಗಿದ್ದನ್ನ ಹುಡುಕ್ಕೊಡ್ತಾನಂತಲ್ಲ.'

'ಏನು ಕಳೆದುಹೋಗಿದೆಯಮ್ಮಾ?'

ಆಕೆ ಮಗನ ಕಡೆ ನೋಡಿದರು. 'ಇವನ್ದು ಒಂದ್ ವರ್ಸ ಕಳ್ದೋಗದೆ ಸಾ.'

ಹುಡುಗ ತಲೆ ತಗ್ಗಿಸಿದ. ಪಿಯುಸಿ ಮುಗಿಸಿ, ಡಾಕ್ಟರಾಗಬೇಕೆಂದು ಒಂದು ವರ್ಷ ಮೈಸೂರಿನಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗಿದ್ದನಂತೆ. ಹೊಗೆಸೊಪ್ಪಿನ ದುಡ್ಡು ಅದಕ್ಕೇ ಹೋಯಿತಂತೆ. ಎರಡನೆಯ ಸಲ ಪರೀಕ್ಷೆ ಬರೆದರೂ ಸೀಟು ಸಿಗುವಷ್ಟು ಅಂಕ ಬರಲಿಲ್ಲ. 'ಮುಂದೆ ಏನು ಮಾಡಬೇಕೆಂದಿದ್ದೀಯಪ್ಪಾ?' ಎಂದು ಹುಡುಗನನ್ನು ಕೇಳಿದೆ. 'ಅವನೇನ್ ಯೋಳ್ತಾನೆ ಬುಡಿ ಸಾ, ಅವರಪ್ಪ ಇನ್ನೊಂದ್ ಸಲ ಬರಿ ಅಂತಾವ್ರೆ' ಎಂದರು ತಾಯಿ. ನಿನಗೆ ಯಾವ ವಿಷಯ ಇಷ್ಟ ಎಂದೆ. 'ಬಯಾಲಜಿ ಚೆಂದಾಗ್ ಓದ್ತಾನೆ' ಎಂದರು ತಾಯಿ. ಮೈಸೂರಿನಲ್ಲಿ ಊಟ ತಿಂಡಿ ಸರಿಹೋಗಿತ್ತೇ ಎಂದೆ. ಅದಕ್ಕೂ ತಾಯಿಯೇ ಉತ್ತರ ಕೊಟ್ಟರು. ಮೂರು ಪ್ರಶ್ನೆ ಕೇಳಿದರೂ ಹುಡುಗನ ದನಿ ಹೇಗಿದೆಯೆಂದು ನನಗೆ ತಿಳಿಯಲಿಲ್ಲ.

ಬಸ್ಸು ತಡವಿತ್ತು. ನೀವು ಬತ್ತಿ ಹಚ್ಚಿ ಬಂದ ಸಂತರೂ ಒಂದು ವರ್ಷ ಕಳೆದುಕೊಂಡವರೇ, ಗೊತ್ತೇನಮ್ಮಾ ಎಂದೆ. ಅವರಿಗೆ ಹೇಳಿದ ಕಥೆಯನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಂತೋಣಿಯವರು ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ, 1195ರ ಸುಮಾರಿಗೆ. ಮನೆಯಲ್ಲಿ ಇಟ್ಟ ಹೆಸರು ಫೆರ್ನಾಂಡೊ. ಅನುಕೂಲಸ್ಥರ ಮನೆ. ಹದಿಹರೆಯದಲ್ಲೇ ಮಠ ಸೇರಿದರು. ಲಿಸ್ಬನ್ನಿನ ಮಠಕ್ಕೆ ನೆಂಟರಿಷ್ಟರು ಬಂದು ಹೋಗುವುದು ಹೆಚ್ಚಾಗಿ ಓದು ಕೆಡುತ್ತದೆಂದು ಕೊಯಿಂಬ್ರಾ ಪಟ್ಟಣದ ಮಠಕ್ಕೆ ಕಳಿಸಿಕೊಡಿ ಎಂದು ತಾವೇ ಕೇಳಿಕೊಂಡರು. ಅಲ್ಲಿ ಒಳ್ಳೆಯ ಪುಸ್ತಕ ಭಂಡಾರವಿತ್ತು. ವರ್ಷಗಟ್ಟಲೆ ಕೂತು ಓದಿದರು. ಅವರ ನೆನಪಿನ ಶಕ್ತಿ ಅಸಾಧಾರಣವಾದದ್ದೆಂದು ಹೇಳುತ್ತಾರೆ.

ಆ ಕಾಲಕ್ಕೆ ಇಟಲಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಎಂಬ ಸಂತರು ಹೊಸದೊಂದು ಪಂಗಡವನ್ನು ಕಟ್ಟಿದ್ದರು. ಅದರವರು ಆಸ್ತಿ ಇಟ್ಟುಕೊಳ್ಳುವಂತಿಲ್ಲ, ಒರಟು ಬಟ್ಟೆ ತೊಟ್ಟು, ದುಡಿದು, ಭಿಕ್ಷೆ ಬೇಡಿ ಊರೂರು ತಿರುಗಬೇಕು. ಅವರಲ್ಲಿ ಐವರು ಆಫ್ರಿಕಾದ ಮೊರಾಕ್ಕೊ ದೇಶಕ್ಕೆ ಧರ್ಮ ಸಾರಲು ಹೋದರು. 1220ರ ಜನವರಿ 16ರಂದು ಮರಾಕೇಶ್ ನಗರದಲ್ಲಿ ಅವರನ್ನು ಕೊಂದರು. ಅವರ ಅವಶೇಷಗಳನ್ನು ಕೊಯಿಂಬ್ರಾಕ್ಕೆ ತಂದರು. ಅದನ್ನು ಕಂಡ ಫೆರ್ನಾಂಡೊರ ಮನಸ್ಸು ತಿರುಗಿತು. ಪುಸ್ತಕ ಮುಚ್ಚಿಟ್ಟು ಫ್ರಾನ್ಸಿಸ್ಕನ್ ಪಂಗಡ ಸೇರಿದರು. ಆಗ ಇಟ್ಟುಕೊಂಡ ಹೊಸ ಹೆಸರು ಅಂತೋಣಿ. ಅದು ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡಿದ ಹಳೆಯ ಸಂತರೊಬ್ಬರ ಹೆಸರು. ಹೀಗೆ ಹೆಸರೂ ಆಫ್ರಿಕಾದ್ದೇ, ಹೋಗಬೇಕೆಂದು ಮನಸ್ಸು ಮಾಡಿದ ಜಾಗವೂ ಆಫ್ರಿಕಾವೇ.

1220ರ ಕೊನೆಗೆ ಮೊರಾಕ್ಕೊಗೆ ಹೊರಟೂ ಹೋದರು. ಆದರೆ ಅಲ್ಲಿ ಕಾಲಿಟ್ಟದ್ದೇ ಕಾಯಿಲೆ ಬಿದ್ದರು. ಚಳಿಗಾಲವೆಲ್ಲ ಹಾಸಿಗೆ ಹಿಡಿದರು. ಒಬ್ಬರಿಗೂ ಒಂದು ಮಾತು ಹೇಳಲಾಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು 1221ರಲ್ಲಿ ಊರಿಗೆ ಮರಳಲು ಹಡಗು ಹತ್ತಿದರೆ, ಗಾಳಿ ಅದನ್ನು ಪೋರ್ಚುಗಲ್ಲಿನ ಕಡೆಗೆ ಬಿಡಲಿಲ್ಲ, ಪೂರ್ವಕ್ಕೆ ತಳ್ಳಿತು. ಹಡಗು ಸೇರಿದ್ದು ಇಟಲಿಯ ತೆಂಕಣ ತುದಿಯ ಸಿಸಿಲಿ ದ್ವೀಪ.

ಈಗ ಲೆಕ್ಕ ಹಾಕಿ. ಓದು ಬಿಟ್ಟಾಯಿತು. ಹೋದ ಕೆಲಸ ಆಗಲಿಲ್ಲ. ಆರೋಗ್ಯ ಕೆಟ್ಟಿತು. ಊರಿಗೆ ಹಿಂದಿರುಗುವುದಕ್ಕೂ ಆಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವರ್ಷ ಪೂರ್ತಿ ದಂಡ.

ಸಿಸಿಲಿಯ ಮೆಸ್ಸೀನಾದಲ್ಲಿದ್ದ ಫ್ರಾನ್ಸಿಸ್ಕನ್ ಸಹೋದರರು ಆಗ ಅಸ್ಸಿಸಿಗೆ ಹೊರಟಿದ್ದರು. ಪೆಂತೆಕೋಸ್ತ್ ಹಬ್ಬಕ್ಕೆ ಪಂಗಡದವರ ದೊಡ್ಡ ಸಭೆ. ಆ ವರ್ಷ ಆ ಹಬ್ಬ ಮೇ 30ಕ್ಕೆ ಬಿದ್ದಿತ್ತು. ಅಂತೋಣಿಯವರೂ ಅವರ ಜೊತೆ ನಡೆದರು.

ಆ ಸಭೆಯ ವಿವರ ನಮಗೆ ಸಿಗುವುದು ಅಲ್ಲಿದ್ದ ಜೋರ್ಡನ್ ಎಂಬ ಸಹೋದರರಿಂದ. ಎಷ್ಟೋ ವರ್ಷದ ಮೇಲೆ, 1262ರಲ್ಲಿ, ಮುದುಕರಾಗಿದ್ದಾಗ ಅವರು ತಮ್ಮ ನೆನಪನ್ನು ಬರೆಸಿದರು. ಸುಮಾರು ಮೂರು ಸಾವಿರ ಮಂದಿ ಸೇರಿದ್ದರಂತೆ. ಅಷ್ಟು ಜನಕ್ಕೆ ಊಟ ಹೇಗೆ? ಸುತ್ತಲ ಹಳ್ಳಿಯವರು ರೊಟ್ಟಿ, ದ್ರಾಕ್ಷಾರಸ ತಂದು ಸುರಿದರು. ಕೊನೆಗೆ ತಂದದ್ದು ಹೆಚ್ಚಾಗಿ, ಸಾಕಪ್ಪಾ ಎಂದು ಬಾಗಿಲು ಮುಚ್ಚಬೇಕಾಯಿತು. ಮಿಕ್ಕಿದ್ದನ್ನು ಉಂಡು ಮುಗಿಸಲೆಂದೇ ಸಭೆ ಇನ್ನೆರಡು ದಿನ ಕೂತಿತಂತೆ. ನಮ್ಮ ಜಾತ್ರೆಗಳ ಅನ್ನದಾನ ಕಂಡವರಿಗೆ ಇದರಲ್ಲಿ ನಂಬದಿರುವಂಥದ್ದೇನೂ ಇಲ್ಲ.

ಫ್ರಾನ್ಸಿಸ್ ಆಗಲೇ ಬಹಳ ಬಳಲಿದ್ದರು. ಸಭೆಗೆ ಕೇಳುವಂತೆ ಮಾತಾಡಲು ಅವರಿಗೆ ಶಕ್ತಿ ಇರಲಿಲ್ಲ. ಎಲಿಯಾಸ್ ಎಂಬ ಸಹೋದರರ ಕಾಲ ಬಳಿ ಕೂತಿದ್ದರು. ಏನಾದರೂ ಹೇಳಬೇಕೆನಿಸಿದಾಗ ಅವರ ನಿಲುವಂಗಿಯ ಅಂಚನ್ನು ಹಿಡಿದು ಎಳೆಯುತ್ತಿದ್ದರು. ಎಲಿಯಾಸ್ ಬಗ್ಗಿ ಕೇಳಿಸಿಕೊಂಡು, 'ಸಹೋದರರು ಹೀಗೆ ಹೇಳುತ್ತಾರೆ' ಎಂದು ಸಭೆಗೆ ಸಾರುತ್ತಿದ್ದರು. ಪಂಗಡ ಕಟ್ಟಿದ ಹಿರಿಯರೇ ಹೀಗೆ ನೆಲದ ಮೇಲೆ ಕೂತಿದ್ದ ಸಭೆ ಅದು.

ಕೊನೆಯಲ್ಲಿ ಫ್ರಾನ್ಸಿಸ್‌ಗೆ ಜರ್ಮನಿಯ ನೆನಪಾಯಿತು. ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದವರು ಪೆಟ್ಟು ತಿಂದು ಬಂದಿದ್ದರು. ಅದೊಂದು ತಮಾಷೆಯ ಕಥೆ, ನೋವಿನದೂ ಹೌದು. ಹೋದವರಿಗೆ ಜರ್ಮನ್ ಬರುತ್ತಿರಲಿಲ್ಲ. 'ಹಸಿವಾಗಿದೆಯೇ?' ಎಂದು ಯಾರೋ ಕೇಳಿದ್ದಕ್ಕೆ 'ಯಾ', ಅಂದರೆ ಹೌದು, ಎಂದರು. ಊಟ ಸಿಕ್ಕಿತು. ಇದು ಒಳ್ಳೆಯ ಶಬ್ದ ಎಂದುಕೊಂಡು ಎಲ್ಲದಕ್ಕೂ ಅದನ್ನೇ ಹೇಳತೊಡಗಿದರು. 'ನೀವು ನಮ್ಮ ಧರ್ಮ ಕೆಡಿಸಲು ಬಂದ ಪಾಷಂಡಿಗಳೇ?' ಎಂದು ಕೇಳಿದಾಗಲೂ 'ಯಾ' ಎಂದರು. ಬಿತ್ತು ಒದೆ. ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಕಥೆಯನ್ನು ನೆನಪಿಟ್ಟುಕೊಳ್ಳಬೇಕು.

ಇಂಥ ಜರ್ಮನಿಗೆ ಹೋಗುವವರು ಯಾರು? ತಾವಾಗಿ ಎದ್ದವರು ಸುಮಾರು ತೊಂಬತ್ತು ಮಂದಿ. ಜೋರ್ಡನ್ನರಿಗೋ ಜರ್ಮನಿ ಎಂದರೆ ಜೀವಭಯ. ಅಲ್ಲಿಗೆ ಹೋಗುವಂತಾಗದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದವರು. ಆದರೂ, ಇವರೆಲ್ಲ ಅಲ್ಲಿ ಸತ್ತು ಹುತಾತ್ಮರಾಗುವವರು, ಮೊರಾಕ್ಕೊದಲ್ಲಿ ಸತ್ತವರ ಪರಿಚಯವಂತೂ ನನಗಿರಲಿಲ್ಲ, ಇವರ ಹೆಸರನ್ನಾದರೂ ಕೇಳಿಕೊಳ್ಳೋಣ ಎಂದು ಎದ್ದು ಹೋದರು. ಪಾಲ್ಮೇರಿಯೊ ಎಂಬ ನಗೆಗಾರ ಸಹೋದರ ಅವರ ಕೈ ಹಿಡಿದು, ನೀನೂ ನಮ್ಮವನೇ, ನಮ್ಮ ಜೊತೆ ಬರುವವನೇ ಎಂದು ಅಲ್ಲೇ ಕೂರಿಸಿಕೊಂಡ. ಇವರು ಬೇಡ ಎಂದರೂ ಬಿಡಲಿಲ್ಲ. ವಿಷಯ ಎಲಿಯಾಸರವರೆಗೆ ಹೋಯಿತು. ಜೋರ್ಡನ್ ತೀರ್ಮಾನವನ್ನು ಅವರಿಗೇ ಬಿಟ್ಟರು. ಅವರು ಹೋಗು ಎಂದರು. ಹೋದರು. ಜರ್ಮನಿಯಲ್ಲಿ ಆ ಪಂಗಡಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದರು. ಅಲ್ಲೇ ಮುದುಕರಾದರು. ಈ ಕಥೆಯೆಲ್ಲ ನಮಗೆ ಉಳಿದದ್ದೂ ಅದರಿಂದಲೇ.

ನೋಡಿ, ಒಂದೇ ಸಭೆಯಲ್ಲಿ ಇಬ್ಬರು. ಒಬ್ಬರು ಹೋಗಬೇಕೆಂದು ಹಂಬಲಿಸಿದ ಆಫ್ರಿಕಾ ಅವರಿಗೆ ದಕ್ಕಲಿಲ್ಲ. ಇನ್ನೊಬ್ಬರಿಗೆ ಬೇಡವೇ ಬೇಡವೆಂದ ಜರ್ಮನಿ ಕೊರಳಿಗೆ ಬಿತ್ತು.

ಸಭೆ ಮುಗಿಯಿತು. ಒಂದೊಂದು ಪ್ರಾಂತ್ಯದ ಮುಖ್ಯಸ್ಥರು ತಮಗೆ ಬೇಕಾದವರನ್ನು ಆರಿಸಿಕೊಂಡು ಹೊರಟರು. ನೀನು ಬಾ, ನೀನು ಬಾ ಎಂದು ಕರೆದದ್ದೇ ಕರೆದದ್ದು. ಅಂತೋಣಿಯವರನ್ನು ಯಾರೂ ಕರೆಯಲಿಲ್ಲ. ಪರದೇಶದವರು, ಕಾಯಿಲೆಯಿಂದ ಎದ್ದವರು, ಹೊಸಬರು. ಅವರ ತಲೆಯಲ್ಲಿ ಕೊಯಿಂಬ್ರಾದ ಪುಸ್ತಕಗಳಿವೆಯೆಂದು ಯಾರಿಗೆ ಗೊತ್ತು? ಅವರೂ ಹೇಳಿಕೊಳ್ಳಲಿಲ್ಲ. ಕಬಡ್ಡಿ ತಂಡ ಕಟ್ಟುವಾಗ ಎರಡೂ ಕಡೆಯವರು ಆರಿಸಿಕೊಂಡ ಮೇಲೆ ಮೈದಾನದ ಅಂಚಿನಲ್ಲಿ ಒಬ್ಬ ಹುಡುಗ ಉಳಿದುಬಿಡುತ್ತಾನಲ್ಲ, ಹಾಗೆ ಉಳಿದರು.

ಆಗ ಅವರು ಮಾಡಿದ್ದು ಒಂದೇ ಕೆಲಸ. ಇಟಲಿಯ ಉತ್ತರ ಭಾಗದ ರೊಮಾನ್ಯಾ ಸೀಮೆಯ ಮುಖ್ಯಸ್ಥರಾದ ಗ್ರಾಸಿಯನ್ ಎಂಬ ಹಿರಿಯರ ಬಳಿ ತಾವೇ ಹೋಗಿ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಿದರು. ಅಷ್ಟೇ. ನಾನು ಇಷ್ಟು ಓದಿದ್ದೇನೆ, ಇಂಥ ಮನೆತನದವನು ಎಂದು ಹೇಳಲಿಲ್ಲ. ಗ್ರಾಸಿಯನ್ನರೂ ಹೆಚ್ಚು ವಿಚಾರಿಸಲಿಲ್ಲ, ಬಾ ಎಂದರು. ಬೆಟ್ಟದ ಮೇಲಿನ ಮೊಂತೆಪಾವೊಲೊ ಎಂಬ ಸಣ್ಣ ಆಶ್ರಮದಲ್ಲಿ ಇರಲು ಬಿಟ್ಟರು. ಅಲ್ಲಿ ಅಂತೋಣಿಯವರು ಪ್ರಾರ್ಥನೆ ಮಾಡಿಕೊಂಡು, ಅಡುಗೆಮನೆಯ ಪಾತ್ರೆ ತೊಳೆದು, ನೆಲ ಗುಡಿಸಿಕೊಂಡಿದ್ದರಂತೆ.

ಸುಮಾರು ಒಂದು ವರ್ಷ ಹೀಗೇ ಕಳೆಯಿತು. 1222ರಲ್ಲಿ ಹತ್ತಿರದ ಫೋರ್ಲಿ ಪಟ್ಟಣದಲ್ಲಿ ಹೊಸ ಪಾದ್ರಿಗಳಿಗೆ ದೀಕ್ಷೆ ಕೊಡುವ ಸಮಾರಂಭ. ಎರಡು ಪಂಗಡದವರು ಸೇರಿದ್ದರು. ಪ್ರವಚನ ಮಾಡುವವರು ಯಾರೆಂದು ಗೊತ್ತಾಗಿರಲಿಲ್ಲ. ಇವರು ಮಾಡಲಿ ಎಂದು ಅವರು, ಅವರು ಮಾಡಲಿ ಎಂದು ಇವರು. ಸಿದ್ಧತೆಯಿಲ್ಲದೆ ಹೇಗೆ ಎಂದು ಎಲ್ಲರೂ ಹಿಂದೆ ಸರಿದರು. ಕೊನೆಗೆ ಹಿರಿಯರು ಅಂತೋಣಿಯವರ ಕಡೆ ತಿರುಗಿ, ತೋಚಿದ್ದನ್ನು ನೀನು ನಾಲ್ಕು ಮಾತು ಹೇಳಪ್ಪಾ ಎಂದರು. ಪಾತ್ರೆ ತೊಳೆಯುತ್ತಿದ್ದವರು ಎದ್ದು ನಿಂತರು. ಮೊದಮೊದಲು ಮೆಲ್ಲಗೆ ಶುರುವಾದ ಮಾತು ಬೆಳೆಯುತ್ತಾ ಹೋಯಿತು. ಸಭೆ ಬೆರಗಾಗಿ ಕೂತಿತು. ಕೊಯಿಂಬ್ರಾದಲ್ಲಿ ಓದಿದ್ದು ಒಂದಕ್ಷರವೂ ಎಲ್ಲಿಯೂ ಕಳೆದುಹೋಗಿರಲಿಲ್ಲ. ಯಾರಾದರೂ ಕೇಳಲಿ ಎಂದು ಒಳಗೇ ಇತ್ತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಇಟಲಿ, ಫ್ರಾನ್ಸುಗಳಲ್ಲೆಲ್ಲ ಅವರ ಮಾತು ಕೇಳಲು ಜನ ಮುಗಿಬಿದ್ದರು. ಓದು ಹೆಚ್ಚಾದರೆ ಅಹಂಕಾರ ಬರುತ್ತದೆಂದು ಅಂಜುತ್ತಿದ್ದ ಫ್ರಾನ್ಸಿಸ್ಸರೇ, ಸಹೋದರರಿಗೆ ಪಾಠ ಹೇಳು ಎಂದು ಅವರಿಗೆ ಪತ್ರ ಬರೆದರು. 1231ರ ಜೂನ್ 13ರಂದು ಇಟಲಿಯ ಪಾದುವಾ ನಗರದ ಹತ್ತಿರ ತೀರಿಕೊಂಡಾಗ ಅವರಿಗೆ ಸುಮಾರು 36 ವರ್ಷ. ವರ್ಷ ತುಂಬುವ ಮೊದಲೇ, 1232ರ ಪೆಂತೆಕೋಸ್ತ್ ಹಬ್ಬದಂದು, ಪೋಪ್ ಒಂಬತ್ತನೆಯ ಗ್ರೆಗರಿ ಅವರನ್ನು ಸಂತರೆಂದು ಸಾರಿದರು. ಆ ವರ್ಷವೂ ಹಬ್ಬ ಮೇ 30ಕ್ಕೇ ಬಿದ್ದಿತ್ತು. ಯಾರೂ ಕರೆಯದ ಆ ಸಭೆ ಕೂಡಿದ್ದೂ ಅದೇ ಹಬ್ಬಕ್ಕೆ. ನಡುವೆ ಸರಿಯಾಗಿ ಹನ್ನೊಂದು ವರ್ಷ.

ಒಂದು ಮಾತನ್ನು ಮರೆಮಾಚಬಾರದು. ಅವರು ಆಫ್ರಿಕಾಕ್ಕೆ ಮತ್ತೆ ಹೋಗಲೇ ಇಲ್ಲ. ಆ ಆಸೆ ಆಸೆಯಾಗಿಯೇ ಉಳಿಯಿತು. ಇಷ್ಟಪಟ್ಟದ್ದೆಲ್ಲ ಕೊನೆಗೆ ಸಿಕ್ಕೇ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುವುದು ಸುಳ್ಳು. ಹೋಗದೆ ಉಳಿದ ಊರಿನ ನೋವು ಅಷ್ಟಿಷ್ಟು ಇದ್ದೇ ಇರುತ್ತದೆ. ಆದರೆ ದಾರಿಗೆಂದು ಕಟ್ಟಿಕೊಂಡ ಬುತ್ತಿ ಬೇರೆ ಊರಿನಲ್ಲೂ ಹೊಟ್ಟೆ ತುಂಬಿಸುತ್ತದೆ.

ಡಾಕ್ಟರ್ ಸೀಟಿಗೆಂದು ಎರಡು ವರ್ಷ ಓದಿದ ಜೀವಶಾಸ್ತ್ರ, ಸೀಟು ಸಿಗದ ದಿನ ತಲೆಯಿಂದ ಹಾರಿಹೋಗುವುದಿಲ್ಲ. ನರ್ಸಿಂಗ್, ಔಷಧ ವಿಜ್ಞಾನ, ಕೃಷಿ, ಪ್ರಯೋಗಾಲಯದ ಕೋರ್ಸುಗಳು, ಬಿಎಸ್ಸಿ ಮಾಡಿ ಮೇಷ್ಟ್ರಾಗುವುದು, ಎಲ್ಲಕ್ಕೂ ಅದು ಬೇಕು. ಬೇಕಾದರೆ ಇನ್ನೊಂದು ಸಲ ಪರೀಕ್ಷೆಯನ್ನೂ ಬರೆಯಬಹುದು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಾರೂ ಕರೆಯಲಿಲ್ಲವೆಂದು ಮೂಲೆಯಲ್ಲಿ ಕೂರಬೇಡಿ. ನಿಮ್ಮ ಕಾಲೇಜಿನ ಒಬ್ಬ ಮೇಷ್ಟ್ರನ್ನೋ, ಊರಿನ ಓದಿದ ಒಬ್ಬ ಹಿರಿಯರನ್ನೋ ಹುಡುಕಿಕೊಂಡು ಹೋಗಿ, ನನಗೊಂದು ದಾರಿ ಹೇಳಿ ಎಂದು ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ಅಂತೋಣಿಯವರ ಬದುಕು ತಿರುಗಿದ್ದು ಫೋರ್ಲಿಯ ಪ್ರವಚನದಿಂದ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ತಿರುಗಿದ್ದು ಗ್ರಾಸಿಯನ್ನರ ಮುಂದೆ ಹೋಗಿ ನಿಂತ ಆ ಗಳಿಗೆಯಲ್ಲಿ.

ಇನ್ನು ಅಪ್ಪ ಅಮ್ಮಂದಿರಿಗೆ. ಡೋರ್ನಹಳ್ಳಿಯ ಊರವರು ತಮ್ಮ ದೇವಾಲಯದ ಬಗ್ಗೆ ಹೇಳುವ ಕಥೆಯೊಂದಿದೆ. ಬಹಳ ಹಿಂದೆ ಒಬ್ಬ ರೈತ ಹೊಲ ಉಳುವಾಗ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತಂತೆ. ಏನೋ ಬೊಂಬೆ ಎಂದುಕೊಂಡು ಮಕ್ಕಳಿಗೆ ಆಡಲು ಕೊಟ್ಟನಂತೆ. ಸಂತರು ಕನಸಿನಲ್ಲಿ ಬಂದು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಮನೆಗೆ ಕಷ್ಟ ಬಂದ ಮೇಲೆ ಎಚ್ಚೆತ್ತು ಗುಡಿ ಕಟ್ಟಿಸಿದನಂತೆ. ಅಸ್ಸಿಸಿಯ ಮೂರು ಸಾವಿರ ಮಂದಿಗೂ ಗೊತ್ತಾಗಲಿಲ್ಲ, ಡೋರ್ನಹಳ್ಳಿಯ ರೈತನಿಗೂ ಗೊತ್ತಾಗಲಿಲ್ಲ. ಮನೆಯಲ್ಲೇ ಇರುವುದನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಅದಕ್ಕೆ ಇರುವ ಉಪಾಯ ಒಂದೇ. ಫೋರ್ಲಿಯ ಹಿರಿಯರು ಮಾಡಿದಂತೆ, ಸುಮ್ಮನಿರುವ ಹುಡುಗನ ಕಡೆ ತಿರುಗಿ 'ನೀನು ಹೇಳಪ್ಪಾ' ಎಂದು ಕೇಳುವುದು. ಕೇಳಿ, ಉತ್ತರ ಬರುವವರೆಗೆ ನಾವು ಬಾಯಿ ಮುಚ್ಚಿಕೊಂಡಿರುವುದು.

ಆ ದಿನ ಬಸ್ ನಿಲ್ದಾಣದಲ್ಲಿ ಈ ಉಪದೇಶವನ್ನೇನೂ ನಾನು ಮಾಡಲಿಲ್ಲ. ಕಥೆ ಹೇಳಿ ಮುಗಿಸಿದೆ, ಅಷ್ಟೇ. ಹುಡುಗ ನೆಲ ನೋಡುತ್ತಲೇ ಕೇಳಿಸಿಕೊಂಡಿದ್ದ. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ತಿರುಗಿದರು.

'ನೀನೇನ್ ಮಾಡ್ಬೇಕಂತಿದ್ದೀಯ ಮಗ? ಯೋಳು.'

ಅಷ್ಟರಲ್ಲಿ ಕೆ.ಆರ್. ನಗರದ ಬಸ್ಸು ಬಂತು. ಜನ ನುಗ್ಗಿದರು. ಅವರಿಬ್ಬರಿಗೂ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನು ಹೋಗಬೇಕಾದದ್ದು ಮೈಸೂರಿನ ಕಡೆ, ಹಾಗಾಗಿ ಕೆಳಗೇ ನಿಂತಿದ್ದೆ. ಬಸ್ಸು ಹೊರಟಾಗ ಕಿಟಕಿಯಲ್ಲಿ ಕಂಡದ್ದು ಇಷ್ಟು: ಹುಡುಗ ಕೈ ಆಡಿಸುತ್ತಾ ಏನೋ ಹೇಳುತ್ತಿದ್ದ, ತಾಯಿ ಕೇಳಿಸಿಕೊಳ್ಳುತ್ತಿದ್ದರು.